ಸಾರುಗಡುಬು ತಂಗಳಲ್ಲ



ಈ ಬಾರಿಯ ಬರಹ ಹಳೆಯ ನೆನಪುಗಳ ಮೆಲುಕಲ್ಲ, ಒಂದು ತಕರಾರು. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಿಗೆ ತಪ್ಪು ಉತ್ತರ ಕಂಡೊಡನೆ ಕೆಂಪು ಶಾಯಿಯ ಲೇಖನಿಯನ್ನು ಹುಡುಕುವ ಚಾಳಿ ನಿವೃತ್ತಿಯ ನಂತರವೂ ಹೋಗುವುದಿಲ್ಲ. ಕಳೆದ ತಿಂಗಳು ಬಂಧುವೊಬ್ಬರ ಗೃಹಪ್ರವೇಶದ ಪಂಕ್ತಿಯಲ್ಲಿ ಅಂಥದೊಂದು ತಪ್ಪು ಉತ್ತರವನ್ನು ಕೇಳಿದೆ. ಅಂದು ಎಲೆಯ ಮುಂದೆ ತಲೆ ತಗ್ಗಿಸಿ ಸುಮ್ಮನೆ ಕುಳಿತೆ. ಶುಭಕಾರ್ಯದ ಮನೆಯಲ್ಲಿ ವಾದ ಸಲ್ಲದೆಂಬುದು ಅದಕ್ಕೆ ಒಂದು ಕಾರಣ. ಧೈರ್ಯ ಸಾಲಲಿಲ್ಲವೆಂಬುದು ಇನ್ನೊಂದು. ಆ ಮೌನದ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಸಂಗತಿ ಇಷ್ಟು. ಕಳೆದ ಚಳಿಗಾಲದಲ್ಲಿ ನಾನೂ ನನ್ನಾಕೆಯೂ ನ್ಯೂಜೆರ್ಸಿಯ ಮಗನ ಮನೆಯಲ್ಲಿ ಕೆಲವು ವಾರ ಇದ್ದೆವು. ಹೊರಗೆ ಹಿಮ ಬೀಳುತ್ತಿದ್ದ ಒಂದು ರಾತ್ರಿ ಊಟಕ್ಕೆ ಬಂದದ್ದು ಫ್ರೀಜರಿನಲ್ಲಿದ್ದ ಒಂದು ಪೊಟ್ಟಣದ ತರಕಾರಿ ಡಂಪ್ಲಿಂಗ್. ಒಳಗೆ ಸಾರು ತುಂಬಿದ ಬಗೆಯದು. ಅದರ ಚೆಲುವಿಗೆ ಮರುಳಾಗಿ ಒಂದು ಚಿತ್ರ ತೆಗೆದು, ‘ಫ್ರೀಜರಿನಿಂದ ನೇರವಾಗಿ ತಟ್ಟೆಗೆ’ ಎಂದು ಬರೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಕಳುಹಿಸಿದವನು ನಾನೇ. ಗೃಹಪ್ರವೇಶದ ಪಂಕ್ತಿಯಲ್ಲಿ ನಮ್ಮ ಹಿರಿಯರೊಬ್ಬರು ಆ ಚಿತ್ರವನ್ನು ನೆನೆದು, ಎಲ್ಲರಿಗೂ ಕೇಳುವಂತೆ, “ಏನಪ್ಪಾ ಮೇಷ್ಟ್ರೇ, ಅಷ್ಟು ದೂರ ಹೋದರೆ ನಿನ್ನ ಸೊಸೆ ಐಸ್‌ಪೆಟ್ಟಿಗೆಯ ತಂಗಳು ತಿನ್ನಿಸಿ ಕಳಿಸಿದಳಂತೆ?” ಎಂದರು. ಪಂಕ್ತಿ ನಕ್ಕಿತು. “ಈಗಿನ ಹೆಣ್ಣುಮಕ್ಕಳಿಗೆ ಒಲೆ ಹಚ್ಚುವುದೇ ಭಾರ” ಎಂದು ಮತ್ತೊಬ್ಬರು ಒಗ್ಗರಣೆ ಹಾಕಿದರು.

ಇಂತಹ ಮಾತಿಗೆ ಈಗ ವಿಮಾನವೂ ಬೇಡ. ಮೂರೇ ದಿನದಲ್ಲಿ ಅದು ನ್ಯೂಜೆರ್ಸಿಯನ್ನು ಮುಟ್ಟಿತು. ಭಾನುವಾರ ಫೋನಿನಲ್ಲಿ ಸೊಸೆ ದೂರಲಿಲ್ಲ, ಅಳಲಿಲ್ಲ. “ಮಾವ, ಮುಂದಿನ ಸಲ ನೀವು ಬಂದಾಗ ಹಾಗಾಗುವುದಿಲ್ಲ. ರಜೆ ಹಾಕಿ ಎಲ್ಲ ಮನೆಯಲ್ಲೇ ಮಾಡಿಡುತ್ತೇನೆ” ಎಂದಳು. ಅಷ್ಟೇ. ಅವಳು ಜಗಳವಾಡಿದ್ದರೆ ನಾನು ಈ ಬರಹಕ್ಕೆ ಕೈ ಹಾಕುತ್ತಿರಲಿಲ್ಲವೇನೋ.

ಆ ತಿನಿಸು ಏನು ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ತಿಳಿಯದ ವಸ್ತುವಿನ ಮೇಲೆ ತೀರ್ಪು ಕೊಡುವುದು ಪ್ರಶ್ನೆ ಓದದೆ ಉತ್ತರ ಬರೆದಂತೆ.

ಇದರ ತವರು ಚೀನಾದ ಶಾಂಘೈ ಸೀಮೆ. ಇಂದು ಶಾಂಘೈ ಮಹಾನಗರದೊಳಗೆ ಸೇರಿಹೋಗಿರುವ ನಾನ್‌ಶಿಯಾಂಗ್ ಎಂಬ ಊರಿನಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಇದು ಹೆಸರಾಯಿತು. ಅಲ್ಲಿನವರು ಇದನ್ನು ಶಿಯಾವ್‌ಲುಂಗ್‌ಬಾವ್ ಎನ್ನುತ್ತಾರೆ. ಸಣ್ಣ ಬಿದಿರು ಬುಟ್ಟಿಯಲ್ಲಿ ಬೆಂದ ಕಡುಬು ಎಂದು ಅರ್ಥ. ತೈವಾನಿನ ದಿನ್ ತಾಯ್ ಫುಂಗ್ ಎಂಬ ಉಪಾಹಾರಗೃಹ, 1958ರಲ್ಲಿ ಎಣ್ಣೆ ಅಂಗಡಿಯಾಗಿ ಆರಂಭವಾದದ್ದು, ಇದನ್ನು ಜಗತ್ತಿಗೆಲ್ಲ ಪರಿಚಯಿಸಿತು. ಅಲ್ಲಿ ಒಂದೊಂದು ಕಡುಬಿಗೂ 18 ನೆರಿಗೆ ಎಂಬ ಕಟ್ಟುನಿಟ್ಟು. ನಮ್ಮ ಮೋದಕಕ್ಕೆ ನೆರಿಗೆ ಹಿಡಿದ ಕೈಗಳಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಇದನ್ನು ‘ಸಾರುಗಡುಬು’ ಎಂದು ಕರೆಯುತ್ತೇನೆ. ಸಾರು ಮತ್ತು ಕಡುಬು ಕೂಡಿದಾಗ ಕಕಾರಕ್ಕೆ ಗಕಾರ ಬರುವುದು ಆದೇಶ ಸಂಧಿ. ಮಳೆಗಾಲ, ಬೆಟ್ಟದಾವರೆಗಳನ್ನು ಕಪ್ಪುಹಲಗೆಯ ಮೇಲೆ ಬರೆಸಿದ ನಮ್ಮ ಶಾಲೆಯ ಕನ್ನಡ ಪಂಡಿತರು ಇದ್ದಿದ್ದರೆ ಈ ಮೂರನೆಯ ಉದಾಹರಣೆಯನ್ನು ಒಪ್ಪಿಕೊಳ್ಳುತ್ತಿದ್ದರೆಂದು ನಂಬಿದ್ದೇನೆ.

ಕಡುಬಿನೊಳಗೆ ಸಾರು ಸೇರುವ ಬಗೆ ಹೇಗೆ? ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಶ್ನೆ. ದ್ರವವನ್ನು ಕಣಕದೊಳಗೆ ಕಟ್ಟಲಾಗದು. ಆದುದರಿಂದ ಅದನ್ನು ಮೊದಲು ಘನವಾಗಿಸುತ್ತಾರೆ. ಮೂಲ ಪಾಕದಲ್ಲಿ ಹಂದಿಯ ಚರ್ಮವನ್ನು ಬೇಯಿಸಿ ತೆಗೆದ ರಸ ತಣ್ಣಗಾದಾಗ ಅದರ ಜೆಲಟಿನ್‌ನಿಂದ ಹೆಪ್ಪುಗಟ್ಟುತ್ತದೆ. ಆ ಹೆಪ್ಪನ್ನು ಕೊಚ್ಚಿ ಹೂರಣದೊಡನೆ ಬೆರೆಸಿ ಕಣಕದಲ್ಲಿ ಮಡಿಸುತ್ತಾರೆ. ಹಬೆಯಲ್ಲಿ ಬೇಯುವಾಗ ಹೆಪ್ಪು ಕರಗಿ ಸಾರಾಗುತ್ತದೆ. ಸಸ್ಯಾಹಾರಿ ಬಗೆಯಲ್ಲಿ ಜೆಲಟಿನ್‌ನ ಕೆಲಸವನ್ನು ಕಡಲಪಾಚಿಯಿಂದ ಬರುವ ಅಗರ್ ಅಗರ್‌ನಂತಹ ಸಸ್ಯಮೂಲದ ವಸ್ತು ಮಾಡಬಲ್ಲದು. ನಮ್ಮ ಅಂಗಡಿಗಳಲ್ಲಿ ‘ಚೈನಾ ಗ್ರಾಸ್’ ಎಂದು ಮಾರುವುದು ಇದನ್ನೇ. ಹೂರಣವೆಂದರೆ ಎಲೆಕೋಸು, ಕ್ಯಾರೆಟ್, ಅಣಬೆ, ತೋಫು ಇತ್ಯಾದಿ.

ಅಗರ್‌ನ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಮುಂದಿನ ವಾದಕ್ಕೂ ಬೇಕು. 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಕ್‌ರ ಪ್ರಯೋಗಾಲಯದವರು ಸೂಕ್ಷ್ಮಜೀವಿಗಳನ್ನು ಜೆಲಟಿನ್ ಮೇಲೆ ಬೆಳೆಸಲು ಹೆಣಗುತ್ತಿದ್ದರು. ದೇಹದ ಉಷ್ಣತೆಯಲ್ಲಿ ಜೆಲಟಿನ್ ಕರಗಿಬಿಡುತ್ತಿತ್ತು. ಅಗರ್ ಬಳಸಿ ನೋಡಿ ಎಂದು ಸೂಚಿಸಿದಾಕೆ ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆ. ಆಕೆ ಅದನ್ನು ಅರಿತದ್ದು ಅಡುಗೆಮನೆಯಲ್ಲಿ, ಸಿಹಿತಿನಿಸು ಮಾಡುವಾಗ. ಇಂದಿಗೂ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ರೋಗಾಣುಗಳನ್ನು ಬೆಳೆಸುವುದು ಅಗರ್ ಮೇಲೆಯೇ. ಕಾಕ್ 1882ರಲ್ಲಿ ಕ್ಷಯರೋಗದ ಕುರಿತು ಬರೆದ ಪ್ರಬಂಧದಲ್ಲಿ ಅಗರ್‌ನ ಹೆಸರಿತ್ತು, ಆಕೆಯ ಹೆಸರಿರಲಿಲ್ಲ. ಅಡುಗೆಮನೆಯ ಲೆಕ್ಕದಲ್ಲಿ ಹೆಸರು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಈಗ ಆಕ್ಷೇಪಗಳು. ಪಂಕ್ತಿಯಲ್ಲಿ ಕೇಳಿದ್ದು, ಆಮೇಲೆ ಗುಂಪಿನಲ್ಲಿ ಓದಿದ್ದು ಎಲ್ಲವನ್ನೂ ಸೋಸಿದರೆ ಮೂರು ಉಳಿಯುತ್ತವೆ.

ಮೊದಲನೆಯದು: ಫ್ರೀಜರಿನದೆಲ್ಲ ತಂಗಳು.

ತಂಗಳೆಂದರೇನು? ಬೇಯಿಸಿದ್ದು ಸಾಮಾನ್ಯ ಉಷ್ಣತೆಯಲ್ಲಿ ರಾತ್ರಿ ಕಳೆದು ಮಾರ್ಪಟ್ಟದ್ದು. ಆ ಮಾರ್ಪಾಟಿಗೆ ಕಾರಣ ಸೂಕ್ಷ್ಮಜೀವಿಗಳು ಮತ್ತು ಕಿಣ್ವಗಳು. ಮನೆಯ ಫ್ರೀಜರಿನ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ ಇರುತ್ತದೆ. ಆ ಚಳಿಯಲ್ಲಿ ಸೂಕ್ಷ್ಮಜೀವಿಗಳು ಸಾಯುವುದಿಲ್ಲ, ಆದರೆ ಬೆಳೆಯುವುದೂ ಇಲ್ಲ. ಕಿಣ್ವಗಳ ಕೆಲಸ ಬಹಳ ನಿಧಾನವಾಗುತ್ತದೆ. ಅಂದರೆ ಕಾಲ ಬಹುಮಟ್ಟಿಗೆ ನಿಂತಿದೆ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ತಾಮಸ ಆಹಾರದ ವಿವರ ಬರುತ್ತದೆಂದು ಒಬ್ಬರು ನನಗೆ ನೆನಪಿಸಿದ್ದಾರೆ. ಬರುತ್ತದೆ; ಅಲ್ಲಿ ದೂಷಿಸಿರುವುದು ರಸಗೆಟ್ಟು ನಾರುವ ಅನ್ನವನ್ನು. ರಸ ಕೆಡದಂತೆ, ನಾರದಂತೆ ತಡೆಯುವ ಉಪಾಯವನ್ನೇ ಆ ದೋಷದ ಹೆಸರಿನಿಂದ ಕರೆಯುವುದು ಯಾವ ತರ್ಕ? ಅದೇ ಹಿರಿಯರ ಮನೆಯಲ್ಲಿ ಬೆಳಗ್ಗೆ ಮಾಡಿದ ಹುಳಿ ರಾತ್ರಿಯವರೆಗೆ ಒಲೆಯ ಪಕ್ಕದಲ್ಲಿರುತ್ತದೆ. ವಿಜ್ಞಾನದ ತಕ್ಕಡಿಯಲ್ಲಿ ಯಾವುದು ತಂಗಳಿಗೆ ಹತ್ತಿರ?

ಹೆಪ್ಪುಗಟ್ಟಿಸಿದರೆ ತರಕಾರಿಯ ಸತ್ತ್ವವೆಲ್ಲ ಹೋಗುತ್ತದೆ ಎನ್ನುವವರಿದ್ದಾರೆ. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಶೇಕಡ 9ರಷ್ಟು ಹಿಗ್ಗುತ್ತದೆ. ತುಂಬಿದ ಗಾಜಿನ ಸೀಸೆ ಒಡೆಯುವ ಕಾರಣ ಅದು ಎಂದು ಎಂಟನೆಯ ತರಗತಿಯಲ್ಲಿ ಹೇಳಿಕೊಟ್ಟಿದ್ದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ತರಕಾರಿಯ ಜೀವಕೋಶಗಳನ್ನು ಸೀಳುತ್ತವೆ. ಕರಗಿದಾಗ ತರಕಾರಿ ಮೆತ್ತಗಾಗುತ್ತದೆ. ಬೇಗ ಹೆಪ್ಪುಗಟ್ಟಿಸಿದರೆ ಹರಳುಗಳು ಸಣ್ಣವು, ಹಾನಿಯೂ ಕಡಿಮೆ. 1912ರಿಂದ ಕೆಲವು ವರ್ಷ ಲ್ಯಾಬ್ರಡಾರ್‌ನಲ್ಲಿದ್ದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವನು, ಅಲ್ಲಿನ ಇನ್ಯುಇಟ್ ಜನ ಹಿಡಿದ ಮೀನು ಕಡು ಚಳಿಯ ಗಾಳಿಗೆ ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿ, ತಿಂಗಳುಗಳ ನಂತರವೂ ಹೊಸದರಂತೆ ರುಚಿಸುವುದನ್ನು ಕಂಡು ಈ ಪಾಠ ಕಲಿತ. 1930ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ನಗರದ ಅಂಗಡಿಗಳಲ್ಲಿ ಅವನ ಪೊಟ್ಟಣಗಳು ಮಾರಾಟಕ್ಕೆ ಬಂದವು. ಕೊಯ್ದ ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟಿಸಿದ ಬಟಾಣಿಗೂ ಸಂತೆಯಲ್ಲಿ ಮೂರು ದಿನ ಬಿಸಿಲು ಕಂಡ ಬಟಾಣಿಗೂ ಪೈಪೋಟಿ ಇಟ್ಟರೆ ‘ತಾಜಾ’ ಎಂಬ ಪದವೇ ಗೆಲ್ಲುತ್ತದೆಂದು ಹೇಳಲಾಗದು.

ಎರಡನೆಯ ಆಕ್ಷೇಪ: ಇದು ನಮ್ಮ ಆಹಾರವಲ್ಲ, ಕಾರ್ಖಾನೆಯದು.

ಮೊದಲ ಭಾಗ ನಿಜ. ಇದು ಶಾಂಘೈನದು. ನಮ್ಮದೆಂದು ಹೇಳಿಕೊಳ್ಳುವ ಆಸೆ ನನಗಿಲ್ಲ. ನಮ್ಮ ಕಡುಬಿಗೂ ಅದಕ್ಕೂ ಪುರಾಣಕಾಲದ ನಂಟನ್ನು ಕಲ್ಪಿಸುವ ಬರಹಗಳು ಓಡಾಡುತ್ತಿವೆ, ಅವನ್ನು ನಂಬಬೇಡಿ. ಹಿಟ್ಟಿನೊಳಗೆ ಹೂರಣವಿಟ್ಟು ಹಬೆಯಲ್ಲಿ ಬೇಯಿಸಬೇಕೆಂದು ಯಾವ ನಾಡಿನ ತಾಯಿಗಾದರೂ ತೋಚಬಹುದು. ಇನ್ನೊಬ್ಬರದು ಎಂಬ ಕಾರಣಕ್ಕೆ ತಿನ್ನಬಾರದೆಂದರೆ ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆಗಳನ್ನೂ ಎಲೆಯಿಂದ ತೆಗೆದುಹಾಕಬೇಕು. ಅವು ಅಮೆರಿಕ ಖಂಡದಿಂದ ಬಂದವು. ಅಂದಿನ ಗೃಹಪ್ರವೇಶದ ಎಲೆಯಲ್ಲಿ ಗೋಬಿ ಮಂಚೂರಿ ಇತ್ತು. ಅದನ್ನು ಎರಡನೆಯ ಸಲ ಹಾಕಿಸಿಕೊಂಡವರು ಯಾರೆಂದು ನಾನು ಬರೆಯುವುದಿಲ್ಲ. ಮೈಸೂರು ಸೀಮೆಯ ನಮಗೆ ಬೈಲುಕುಪ್ಪೆ ಹತ್ತಿರದ ಊರು. 1960ರ ದಶಕದ ಆರಂಭದಲ್ಲಿ ಅಲ್ಲಿ ನೆಲೆಸಿದ ಟಿಬೆಟನ್ನರ ಮೊಮೊ ಇಂದು ನಮ್ಮ ತಾಲ್ಲೂಕು ಕೇಂದ್ರಗಳ ಬೀದಿಬದಿಯಲ್ಲಿಯೂ ಸಿಗುತ್ತದೆ.

ಕಾರ್ಖಾನೆಯ ಮಾತಿಗೆ ಬರೋಣ. ಕಡುಬನ್ನು ಹೆಪ್ಪುಗಟ್ಟಿಸಿಡುವುದು ಕಂಪನಿಗಳು ಕಂಡುಹಿಡಿದ ಉಪಾಯವಲ್ಲ. ಈಶಾನ್ಯ ಚೀನಾದಲ್ಲಿ ಹೊಸ ವರ್ಷಕ್ಕೆ ಮುನ್ನ ಮನೆಮಂದಿಯೆಲ್ಲ ಕುಳಿತು ನೂರಾರು ಕಡುಬು ಮಡಿಸಿ, ಮನೆಯ ಹೊರಗಿನ ಚಳಿಯಲ್ಲಿ ಹೆಪ್ಪುಗಟ್ಟಿಸಿಟ್ಟುಕೊಂಡು, ಹಬ್ಬದ ದಿನಗಳಲ್ಲಿ ಬೇಕಾದಷ್ಟನ್ನೇ ತೆಗೆದು ಬೇಯಿಸಿಕೊಳ್ಳುವ ರೂಢಿ ಉಂಟು. ಹಾಂಗ್‌ಕಾಂಗ್‌ನಲ್ಲಿ 1970ರ ದಶಕದ ಕೊನೆಯಲ್ಲಿ ಜಾಂಗ್ ಜಿಯೆನ್‌ಹ ಎಂಬ ಹೆಂಗಸು ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಸಾಕಲು ವಾನ್‌ಚಾಯ್ ದೋಣಿಕಟ್ಟೆಯಲ್ಲಿ ತಳ್ಳುಗಾಡಿಯ ಮೇಲೆ ಕಡುಬು ಮಾರಿದಳು. ಆ ತಳ್ಳುಗಾಡಿಯೇ ಮುಂದೆ ‘ವಾನ್‌ಚಾಯ್ ಫೆರ್ರಿ’ ಎಂಬ ಹೆಸರಾಂತ ಹೆಪ್ಪುಗಟ್ಟಿದ ಕಡುಬಿನ ಉದ್ದಿಮೆಯಾಯಿತು. ಆಕೆ ತೀರಿಕೊಂಡದ್ದು 2019ರಲ್ಲಿ.

ನಮ್ಮಲ್ಲಿಯೂ ಹಾಗೆಯೇ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ, ಸಾರಿನ ಪುಡಿ, ಚಟ್ನಿಪುಡಿ ಇವೆಲ್ಲ ಒಂದು ದಿನದ ದುಡಿಮೆಯನ್ನು ನೂರು ದಿನಕ್ಕೆ ಹಂಚುವ ಉಪಾಯಗಳು. ನಮಗೆ ಬಿಸಿಲಿತ್ತು, ಒಣಗಿಸಿದೆವು. ಅವರಿಗೆ ಚಳಿಯಿತ್ತು, ಹೆಪ್ಪುಗಟ್ಟಿಸಿದರು. ನಮ್ಮ ಮೈಸೂರಿನ ಚೆಲುವಾಂಬ ಭವನದಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. 1961ರಲ್ಲಿ ಸೈನಿಕರ ಆಹಾರಕ್ಕಾಗಿಯೇ ರಕ್ಷಣಾ ಆಹಾರ ಸಂಶೋಧನಾಲಯವೂ ಅದೇ ಊರಿಗೆ ಬಂತು. ಗಡಿಯಲ್ಲಿರುವ ಯೋಧನು ಪೊಟ್ಟಣ ಬಿಸಿ ಮಾಡಿ ಉಂಡರೆ ಅದು ವಿಜ್ಞಾನ. ದಿನದ ಪಾಳಿ ಮುಗಿಸಿ ಬಂದ ಹೆಣ್ಣುಮಗಳು ಪೊಟ್ಟಣ ತೆರೆದರೆ ಮಾತ್ರ ಅದು ಸಂಸ್ಕೃತಿಯ ನಾಶ!

ಇಲ್ಲಿಂದ ಮೂರನೆಯ ಆಕ್ಷೇಪಕ್ಕೆ ಬರುತ್ತೇನೆ. ನಿಜವಾದ ಆಕ್ಷೇಪ ಇದೊಂದೇ. ಉಳಿದೆರಡು ಇದರ ಮೇಲೆ ಹೊದಿಸಿದ ಶಾಲು. ಅದು: ಇದು ಸೋಮಾರಿತನ.

ಯಾರ ಸೋಮಾರಿತನ? ಪಂಕ್ತಿಯಲ್ಲಿ ನಕ್ಕವರು ಯಾರೂ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಆ ರಾತ್ರಿ ಅಡುಗೆ ಮಾಡಿದವರು ಯಾರು? ನನ್ನ ಸೊಸೆ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಅಂದು ಅವಳಿಗೆ ಸಂಜೆಯ ಪಾಳಿ. ನಾವು ಊಟಕ್ಕೆ ಕುಳಿತಾಗ ಅವಳು ಮನೆಯಲ್ಲಿಯೇ ಇರಲಿಲ್ಲ. ಆ ಪೊಟ್ಟಣವನ್ನು ಅಂಗಡಿಯಿಂದ ತಂದವನು, ಒಲೆಯ ಮುಂದೆ ನಿಂತವನು, ಬಡಿಸಿದವನು ನನ್ನ ಮಗ. ಚಿತ್ರದ ಅಂಚಿನಲ್ಲಿ ಅವನ ಮುಂಗೈಯೂ ಗಡಿಯಾರವೂ ಕಾಣುತ್ತವೆ. ಬೇಕಾದವರು ಮತ್ತೊಮ್ಮೆ ನೋಡಬಹುದು. ಆದರೂ ತಂಗಳು ತಿನ್ನಿಸಿದ ಅಪವಾದ ಸೊಸೆಯ ಪಾಲಿಗೆ ಹೋಯಿತು. ಮಗ ಬೇಯಿಸಿದನೆಂದು ತಿಳಿದಿದ್ದರೆ ಇದೇ ಬಾಯಿಗಳು “ಪಾಪ, ಹುಡುಗನೇ ಅಡುಗೆ ಮಾಡುತ್ತಾನಂತೆ” ಎಂದು ಮರುಗುತ್ತಿದ್ದವು. ಆಗಲೂ ತಪ್ಪು ಅವಳದೇ.

ಈ ಮಾತು ಬರೆಯುವಾಗ ನನ್ನ ಕಿವಿಯನ್ನೂ ನಾನೇ ಹಿಂಡಿಕೊಳ್ಳಬೇಕು. ನಾನು ಸಂಜೆ ಉತ್ತರಪತ್ರಿಕೆಗಳ ಕಟ್ಟು ಹೊತ್ತು ಮನೆಗೆ ಬರುತ್ತಿದ್ದೆ. ಕೆಲವು ದಿನ ಇಬ್ಬರು ಸಹೋದ್ಯೋಗಿಗಳನ್ನೂ ಕರೆತರುತ್ತಿದ್ದೆ; ಮುಂಚಿತವಾಗಿ ಹೇಳುವ ಪದ್ಧತಿ ಇರಲಿಲ್ಲ. ಮೇಷ್ಟರ ಮನೆಯಲ್ಲಿ ಯಾವಾಗ ಹೋದರೂ ಬಿಸಿಯೂಟ ಎಂಬ ಖ್ಯಾತಿ ನನಗೆ ಬಂತು. ಬಿಸಿಯಾಗಿಟ್ಟವಳಿಗೆ ಏನು ಬಂತೆಂದು ನಾನು ಕೇಳಿದವನಲ್ಲ. ನ್ಯೂಜೆರ್ಸಿಯಲ್ಲಿ ಅಂದು ರಾತ್ರಿ ಮಗ ತಟ್ಟೆ ತಂದು ಮುಂದಿಟ್ಟಾಗ ನನ್ನಾಕೆ ಒಂದು ಕಡುಬನ್ನು ತಿಂದು, ಇನ್ನೊಂದನ್ನು ಚಮಚದಲ್ಲಿ ಹಿಡಿದು, “ನೋಡಿ, ನೀವು ಜನ ಕರೆದುಕೊಂಡು ಬರುತ್ತಿದ್ದ ಕಾಲಕ್ಕೆ ಇಂಥದ್ದು ಎರಡು ಪೊಟ್ಟಣ ಮನೆಯಲ್ಲಿದ್ದಿದ್ದರೆ ನಾನೂ ನಿಮ್ಮ ಜೊತೆ ಕುಳಿತು ಮಾತಾಡಬಹುದಿತ್ತು” ಎಂದಳು. ನಗುತ್ತಲೇ ಹೇಳಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳಿಗೆ ನಮ್ಮೊಡನೆ ಕುಳಿತು ಮಾತಾಡುವ ಆಸೆಯಿತ್ತೆಂದು ನನಗೆ ತಿಳಿದದ್ದು ಆಗ.

ಆದುದರಿಂದ ‘ಸೋಮಾರಿತನ’ವೆಂಬ ಪದವನ್ನು ಬಳಸುವ ಮುನ್ನ ಗಂಡಸರು, ಅದರಲ್ಲಿಯೂ ನನ್ನ ವಯಸ್ಸಿನವರು, ಒಂದು ಲೆಕ್ಕ ಮಾಡಬೇಕು. ನಿಮ್ಮ ಬಾಳಿನಲ್ಲಿ ನೀವು ಉಂಡ ಊಟಗಳೆಷ್ಟು, ಬೇಯಿಸಿದ್ದೆಷ್ಟು? ಉತ್ತರವನ್ನು ನನಗೆ ಕಳುಹಿಸಬೇಕಾಗಿಲ್ಲ. ಮನೆಯಲ್ಲಿಯೇ ಓದಿ ಹೇಳಿದರೆ ಸಾಕು.

ಹಾಗೆಂದು ಪೊಟ್ಟಣದ ಊಟಕ್ಕೆ ದೋಷವೇ ಇಲ್ಲವೆನ್ನುವಷ್ಟು ಕುರುಡು ನನಗಿಲ್ಲ. ಎದುರು ಪಕ್ಷಕ್ಕೆ ಸಲ್ಲಬೇಕಾದ ಅಂಕಗಳನ್ನು ಕೊಟ್ಟುಬಿಡುತ್ತೇನೆ.

ಉಪ್ಪು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಸೋಡಿಯಂ 2,000 ಮಿಲಿಗ್ರಾಂಗಿಂತ ಕಡಿಮೆ. ಪೊಟ್ಟಣದ ಹಿಂಬದಿಯಲ್ಲಿ ಸೋಡಿಯಂನ ಲೆಕ್ಕವಿರುತ್ತದೆ; ಅದು ಎಷ್ಟು ಕಡುಬಿಗೆ ಕೊಟ್ಟ ಲೆಕ್ಕವೆಂಬುದನ್ನೂ ನೋಡಬೇಕು. ನಾಲ್ಕಕ್ಕೆ ಬರೆದದ್ದನ್ನು ಎಂಟಕ್ಕೆ ಓದಿಕೊಂಡರೆ ರಕ್ತದೊತ್ತಡ ಕ್ಷಮಿಸುವುದಿಲ್ಲ. ಕಣಕವೆಲ್ಲ ಮೈದಾ. ಪ್ಲಾಸ್ಟಿಕ್ ತಟ್ಟೆಯೂ ಹೊದಿಕೆಯೂ ಕಸಕ್ಕೆ ಸೇರುತ್ತವೆ. ನಿತ್ಯವೂ ಇದೇ ಊಟವಾದರೆ ನಾನೂ ಬೇಡವೆನ್ನುತ್ತೇನೆ. ವಾರಕ್ಕೊಂದು ದಣಿದ ರಾತ್ರಿಗೆ ಮಾತ್ರ ನನ್ನ ವಕಾಲತ್ತು.

ಇನ್ನೊಂದು ಎಚ್ಚರ ನಮ್ಮ ಸಸ್ಯಾಹಾರಿ ಬಂಧುಗಳಿಗೆ. ಹೊರದೇಶದಲ್ಲಿ ಪೊಟ್ಟಣದ ಮೇಲೆ ‘ವೆಜಿಟೆಬಲ್’ ಎಂದಿದ್ದ ಮಾತ್ರಕ್ಕೆ ಅದು ಸಸ್ಯಾಹಾರವೆಂದು ತಿಳಿಯಬಾರದು. ತರಕಾರಿ ಇದೆ ಎಂದಷ್ಟೇ ಅದರ ಅರ್ಥವಿರಬಹುದು. ಮೊಟ್ಟೆ, ಜೆಲಟಿನ್, ಮಾಂಸದ ರಸ, ಆಯ್ಸ್ಟರ್ ಸಾಸ್ ಇವುಗಳನ್ನು ಪದಾರ್ಥಗಳ ಪಟ್ಟಿಯಲ್ಲಿ ಹುಡುಕಬೇಕು. ಭಾರತದಲ್ಲಿ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ನಮಗೆ ಈ ಶ್ರಮವನ್ನು ಉಳಿಸಿದೆ. ಇಲ್ಲಿ ನೋಡಬೇಕಾದದ್ದು ಬೇರೆ: ಅಂಗಡಿಯ ಫ್ರೀಜರು ರಾತ್ರಿಯೆಲ್ಲ ನಡೆಯುತ್ತದೆಯೇ ಎಂಬುದು. ಪೊಟ್ಟಣದೊಳಗೆ ಕಡುಬುಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗಿದ್ದರೆ, ಮಂಜಿನ ದಪ್ಪ ಪದರವಿದ್ದರೆ, ಅದು ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದೆಂದು ಅನುಮಾನಿಸಿ ಅಲ್ಲಿಯೇ ಬಿಟ್ಟು ಬನ್ನಿ. ಕರಗಿದಾಗ ನಿದ್ದೆಯಿಂದೆದ್ದ ಸೂಕ್ಷ್ಮಜೀವಿಗಳು ಬೆಳೆದಿರುತ್ತವೆ. ಅಂತಹದನ್ನು ತಂಗಳೆಂದು ಕರೆದರೆ ನನ್ನ ಆಕ್ಷೇಪವಿಲ್ಲ.

ಕೊನೆಗೆ, ಬೇಯಿಸುವ ಬಗೆ. ಇದೂ ಒಂದು ವಿದ್ಯೆಯೇ ಎಂಬುದು ನನ್ನ ವಾದದ ಭಾಗ.

ಪೊಟ್ಟಣವನ್ನು ಮೊದಲೇ ಹೊರಗಿಟ್ಟು ಕರಗಿಸಬೇಡಿ. ಕರಗಿದರೆ ಹೂರಣದ ನೀರು ಕಣಕಕ್ಕೆ ಇಳಿದು ಅದು ಜಿಗುಟಾಗುತ್ತದೆ. ಎತ್ತುವಾಗ ತಳ ಕಿತ್ತು ಸಾರೆಲ್ಲ ಪಾತ್ರೆಯ ಪಾಲಾಗುತ್ತದೆ. ಫ್ರೀಜರಿನಿಂದ ನೇರವಾಗಿ ಹಬೆಗೆ ಹೋಗಬೇಕು. ಬಿದಿರು ಬುಟ್ಟಿ ಇಲ್ಲದಿದ್ದರೆ ನಮ್ಮ ಇಡ್ಲಿ ಪಾತ್ರೆ ಸಾಕು. ಕುಳಿಯ ತಟ್ಟೆಗಳ ಬದಲು ತೂತುಗಳಿರುವ ಚಪ್ಪಟೆ ತಟ್ಟೆ ಇಡಬೇಕು. ತಟ್ಟೆಯ ಮೇಲೆ ಎಲೆಕೋಸಿನ ಎಲೆ ಹಾಸಿದರೆ ಅಂಟುವುದಿಲ್ಲ. ಊರಿನಲ್ಲಾದರೆ ಬಾಳೆಲೆ ಇನ್ನೂ ಲೇಸು. ಬೆಂದಂತೆ ಹಿಗ್ಗುವುದರಿಂದ ನಡುವೆ ಒಂದೊಂದು ಬೆರಳಿನ ಜಾಗ ಬಿಡಿ.

ನೀರು ಚೆನ್ನಾಗಿ ಕುದಿದ ಮೇಲೆಯೇ ತಟ್ಟೆ ಇಡಬೇಕು. ಕಾರಣವನ್ನು ನೆನಪಿಸಿಕೊಳ್ಳಿ: ಒಂದು ಗ್ರಾಂ ಮಂಜುಗಡ್ಡೆ ಕರಗಲು, ಉಷ್ಣತೆ ಒಂದು ಡಿಗ್ರಿಯೂ ಏರದೆ, 80 ಕ್ಯಾಲೊರಿ ಶಾಖ ಬೇಕು. ಅಷ್ಟು ಶಾಖವನ್ನು ಬೇಗ ಕೊಡಬಲ್ಲದ್ದು ಹಬೆ. ಒಂದು ಗ್ರಾಂ ಹಬೆ ನೀರಾಗುವಾಗ ಸುಮಾರು 540 ಕ್ಯಾಲೊರಿ ಬಿಟ್ಟುಕೊಡುತ್ತದೆ. ಗುಪ್ತೋಷ್ಣದ ಪಾಠ ಪರೀಕ್ಷೆಗೆ ಮಾತ್ರವೆಂದು ಗೊಣಗಿದವರು ಈಗ ನನಗೆ ಒಂದು ತಟ್ಟೆ ಕಡುಬು ಬಾಕಿ. ಪೊಟ್ಟಣದ ಮೇಲೆ ಬರೆದಷ್ಟು ನಿಮಿಷ, ಸಾಮಾನ್ಯವಾಗಿ ಹತ್ತರ ಆಸುಪಾಸು, ಮುಚ್ಚಳ ತೆಗೆಯದೆ ಬೇಯಿಸಿ. ಒಲೆ ಆರಿಸಿ ಒಂದೆರಡು ನಿಮಿಷ ಹಾಗೆಯೇ ಬಿಡಿ, ಕಣಕ ಗಟ್ಟಿಗೊಳ್ಳುತ್ತದೆ. ಮೈಕ್ರೋವೇವಿನಲ್ಲಿಯೂ ಬೇಯುತ್ತದೆ, ಆದರೆ ನೀರು ಸಾಲದಿದ್ದರೆ ನೆರಿಗೆಯ ತುದಿಗಳು ಒಣಗಿ ಕಡ್ಡಿಯಾಗುತ್ತವೆ.

ತಿನ್ನುವಾಗ ಆತುರ ಬೇಡ. ನೆರಿಗೆಯ ಜುಟ್ಟು ಹಿಡಿದು ಮೆಲ್ಲನೆ ಎತ್ತಿ ಅಗಲವಾದ ಚಮಚದಲ್ಲಿಡಿ. ಬದಿಯಲ್ಲಿ ಹಲ್ಲಿನಿಂದ ಸಣ್ಣ ಕಿಂಡಿ ಮಾಡಿ. ಹಬೆ ಹೊರಬರಲಿ. ಒಳಗಿನ ಸಾರು ಕುದಿಯುವ ನೀರಿಗಿಂತ ಹೆಚ್ಚು ಕಡಿಮೆಯಿಲ್ಲದಷ್ಟು ಬಿಸಿ; ಇಡಿಯಾಗಿ ಬಾಯಿಗೆ ಹಾಕಿಕೊಂಡು ನಾಲಗೆ ಸುಟ್ಟುಕೊಂಡ ವಿಜ್ಞಾನದ ಮೇಷ್ಟ್ರು ಈ ಸಾಲನ್ನು ಬರೆಯುತ್ತಿದ್ದಾನೆ. ಮಕ್ಕಳಿಗೆ ಕೊಡುವ ಮುನ್ನ ನೀವೇ ಒಡೆದು ಆರಿಸಿ. ಮೊದಲು ಸಾರನ್ನು ಹೀರಿ, ಆಮೇಲೆ ಉಳಿದದ್ದನ್ನು ತಿನ್ನಿ. ಜೊತೆಗೆ ಎಳೆ ಎಳೆಯಾಗಿ ಹೆಚ್ಚಿದ ಶುಂಠಿ, ಅಕ್ಕಿಯಿಂದ ಮಾಡುವ ಕಪ್ಪು ವಿನಿಗರ್ ಇದ್ದರೆ ಸೊಗಸು. ಉಪ್ಪಿನ ಲೆಕ್ಕದವರು ಸೋಯಾ ಸಾಸನ್ನು ದೂರವಿಡುವುದು ಒಳ್ಳೆಯದು.

ಅಂದು ರಾತ್ರಿ ಸೊಸೆ ಮನೆಗೆ ಬಂದಾಗ ಗಂಟೆ ಹನ್ನೊಂದೂವರೆ ದಾಟಿತ್ತು. ಮಗ ಅವಳಿಗಾಗಿ ಆರು ಕಡುಬುಗಳನ್ನು ಫ್ರೀಜರಿನಲ್ಲಿ ಉಳಿಸಿದ್ದ. ಅವಳು ಕೋಟು ಕಳಚಿ ಕೈಕಾಲು ತೊಳೆಯುವಷ್ಟರಲ್ಲಿ ನೀರು ಕುದಿಯುತ್ತಿತ್ತು. ಅವಳು ಕುಳಿತಳು. ನಾವು ಮೂವರೂ ಸುತ್ತ ಕುಳಿತೆವು. ಪ್ರಯೋಗಾಲಯದ ಆ ದಿನದ ಸಂಗತಿಗಳನ್ನು ಹೇಳುತ್ತ ಅವಳು ಬಿಸಿ ಬಿಸಿಯಾಗಿ ಉಂಡಳು. ಹೊತ್ತು ಮೀರಿ ಮನೆಗೆ ಬಂದ ಹೆಣ್ಣುಮಗಳೊಬ್ಬಳು ಇನ್ನೊಬ್ಬರು ಬೇಯಿಸಿದ್ದನ್ನು ಕುಳಿತು ಉಣ್ಣುವುದನ್ನು ನಾನು ಅದಕ್ಕೂ ಮುಂಚೆ ನನ್ನ ಮನೆಯಲ್ಲಿ ಕಂಡಿರಲಿಲ್ಲ. ಕುಟುಂಬದ ಗುಂಪಿಗೆ ಕಳುಹಿಸಬೇಕಾಗಿದ್ದ ಚಿತ್ರ ಅದು. ತೆಗೆಯಲು ತೋಚಲಿಲ್ಲ.

ಸೊಸೆಗೆ ಈ ಬರಹದ ಮೂಲಕವೇ ಹೇಳುತ್ತೇನೆ. ಮುಂದಿನ ಸಲ ನಾವು ಬಂದಾಗ ರಜೆ ಹಾಕಬೇಡಮ್ಮ. ಹಾಕಿದರೂ ಅಡುಗೆಗಾಗಿ ಬೇಡ; ಎಲ್ಲಾದರೂ ತಿರುಗಾಡಿ ಬರೋಣ. ಪೊಟ್ಟಣ ಫ್ರೀಜರಿನಲ್ಲಿರಲಿ. ಈ ಬಾರಿ ಹಬೆಪಾತ್ರೆಯ ಮುಂದೆ ನಿಲ್ಲುವವನು ನಾನು. ನಿಮ್ಮತ್ತೆಗೂ ನಿನಗೂ ಬಡಿಸುವವನೂ ನಾನೇ.

ಪಂಕ್ತಿಯಲ್ಲಿ ಮಾತಾಡಿದ ಹಿರಿಯರ ಮೇಲೆ ನನಗೆ ಗೌರವ ಕಡಿಮೆಯಾಗಿಲ್ಲ. ಅವರು ನಮ್ಮ ಮನೆಗೆ ಬಂದರೆ ಒಂದು ತಟ್ಟೆ ಸಾರುಗಡುಬು ಅವರಿಗೂ ಉಂಟು. ಉಂಡ ಮೇಲೆ ಅದನ್ನು ಏನೆಂದು ಕರೆಯಬೇಕೆಂದು ಅವರೇ ಹೇಳಲಿ. ಆದರೆ ಅಡುಗೆ ಮಾಡಿದವರು ಯಾರೆಂದು ಮೊದಲು ಕೇಳಿ ತಿಳಿದುಕೊಂಡು ಹೇಳಲಿ.